ಬೆಳಕೇ ಬಿಡದ ಕಪ್ಪುಕುಳಿಯನ್ನು ಎಣಿಸುವುದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ಶಿರಸಿ ಹತ್ತಿರದ ಹಳ್ಳಿ, ಅಡಿಕೆ ತೋಟ. ಮಗಳು ಕಾರವಾರದಲ್ಲಿ ಹಾಸ್ಟೆಲ್‌ನಲ್ಲಿದ್ದು ಬಿ.ಎಸ್ಸಿ ಕೊನೇ ವರ್ಷ ಓದುತ್ತಿದ್ದಾಳೆ. ಫಿಸಿಕ್ಸ್ ಅಂದ್ರೆ ಪ್ರಾಣ. ಪ್ರಾಜೆಕ್ಟಿಗೆ ದೂರದ ಗ್ಯಾಲಕ್ಸಿಗಳಲ್ಲಿ ಬೆಳೆಯುತ್ತಿರುವ ಬ್ಲ್ಯಾಕ್ ಹೋಲ್‌ಗಳ ಎಕ್ಸ್-ರೇ ಸರ್ವೆ ಅಂತ ಆರಿಸಿಕೊಂಡಿದ್ದಾಳೆ. ಮುಂದೆ ಅದರಲ್ಲೇ ಸಂಶೋಧನೆ ಮಾಡುತ್ತೇನೆ ಅನ್ನುತ್ತಾಳೆ. ನಾನು ಪಿಯುಸಿ ತನಕ ಓದಿದವನು. ಬ್ಲ್ಯಾಕ್ ಹೋಲ್‌ನಿಂದ ಬೆಳಕೇ ಹೊರಗೆ ಬರುವುದಿಲ್ಲ ಅಂತ ಓದಿದ್ದೇನೆ. ಹಾಗಿದ್ದರೆ ಅಷ್ಟು ದೂರಕ್ಕೆ ಎಕ್ಸ್-ರೇ ಬಿಟ್ಟು ನೋಡುವುದು ಹೇಗೆ? ಕಾಣದ್ದನ್ನು ಲೆಕ್ಕ ಹಾಕುವುದು ಬರೀ ಊಹೆ ಅಲ್ವಾ? ಕೈಗಾ ಇರುವ ಜಿಲ್ಲೆಯವರು ನಾವು, ರೇಡಿಯೇಷನ್ ಅಂದ್ರೆ ಮನೆಯಲ್ಲಿ ಹೆದರಿಕೆ. ಮಳೆಗಾಲದಲ್ಲಿ ನಮ್ಮಲ್ಲಿ ನಾಲ್ಕು ತಿಂಗಳು ಆಕಾಶವೇ ಕಾಣುವುದಿಲ್ಲ, ಇಲ್ಲಿ ಕೂತು ಇದು ಆಗುವ ಕೆಲಸವಾ? ಯಾರೋ ಆನ್‌ಲೈನ್‌ನಲ್ಲಿ ಹದಿನೈದು ಸಾವಿರ ಕಟ್ಟಿದರೆ ಅಂತರರಾಷ್ಟ್ರೀಯ ಸಂಶೋಧನಾ ಸರ್ಟಿಫಿಕೇಟ್ ಕೊಡುತ್ತೇವೆ ಅಂದಿದ್ದಾರಂತೆ, ಕಟ್ಟಬೇಕಾ? ಬಿ.ಎಡ್ ಮಾಡಿಸಿದರೆ ಕೆಲಸಕ್ಕೊಂದು ದಾರಿ ಆಗುತ್ತದೆ ಅಂತ ನನ್ನ ಲೆಕ್ಕ. ದಯವಿಟ್ಟು ತಿಳಿಸಿ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಇವೆ. ಈ ವಿಷಯಕ್ಕೆ ಗಟ್ಟಿ ನೆಲೆ ಇದೆಯೋ ಇಲ್ಲವೋ ಅನ್ನುವುದು ಒಂದು. ಇದರ ಬೆನ್ನು ಹತ್ತಿದರೆ ಮಗಳ ಬದುಕು ಏನಾಗುತ್ತದೆ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಜಾಸ್ತಿ ಜಾಗ ತೆಗೆದುಕೊಳ್ಳುತ್ತೇನೆ. ಅದು ಮನಸ್ಸಿಗೆ ಬಂದರೆ ಎರಡನೆಯದನ್ನು ನೀವಿಬ್ಬರೇ ಕೂತು ತೀರ್ಮಾನ ಮಾಡಬಹುದು.

ರೇಡಿಯೇಷನ್ ಮಾತನ್ನು ಮೊದಲು ಮುಗಿಸೋಣ. ಇಲ್ಲಿ ಯಾರೂ ಎಕ್ಸ್-ರೇ ಬಿಡುವುದಿಲ್ಲ. ಆಸ್ಪತ್ರೆಯಲ್ಲಿ ಮಷಿನ್ನು ಬಿಟ್ಟ ಎಕ್ಸ್-ರೇ ಮೈ ದಾಟಿ ಆಚೆ ಬೀಳುತ್ತದೆ. ಗ್ಯಾಲಕ್ಸಿಗಳ ವಿಷಯದಲ್ಲಿ ಎಕ್ಸ್-ರೇ ಹುಟ್ಟುವುದೇ ಅಲ್ಲಿ, ಕಪ್ಪುಕುಳಿಯ (ಬ್ಲ್ಯಾಕ್ ಹೋಲ್) ಪಕ್ಕದಲ್ಲಿ. ಕೋಟಿಗಟ್ಟಲೆ ವರ್ಷ ಪ್ರಯಾಣ ಮಾಡಿ ಬಂದದ್ದನ್ನು ನಾವು ಹಿಡಿಯುತ್ತೇವೆ, ಅಷ್ಟೇ. ಅದೂ ನೆಲದ ಮೇಲೆ ಅಲ್ಲ. ನಮ್ಮ ತಲೆ ಮೇಲಿನ ಗಾಳಿಯ ತೂಕ ಹತ್ತು ಮೀಟರ್ ಆಳದ ನೀರಿನ ತೂಕಕ್ಕೆ ಸಮ. ಅದನ್ನು ದಾಟಿ ಈ ಎಕ್ಸ್-ರೇ ಕೆಳಗೆ ಬರುವುದಿಲ್ಲ. ಹಾಗಾಗಿ ಟೆಲಿಸ್ಕೋಪನ್ನು ಉಪಗ್ರಹದಲ್ಲಿಟ್ಟು ಮೇಲೆ ಕಳಿಸುತ್ತಾರೆ. ನಿಮ್ಮ ಮಗಳ ಕೈಗೆ ಸಿಗುವುದು ಕಂಪ್ಯೂಟರ್ ಫೈಲು ಮಾತ್ರ. ಶಿರಸಿಯ ಮಳೆಗಾಲ ಈ ಕೆಲಸಕ್ಕೆ ಅಡ್ಡಿಯೇ ಅಲ್ಲ, ಕರೆಂಟು ಹೋಗುವುದನ್ನು ಬಿಟ್ಟರೆ.

ಇನ್ನು ಬೆಳಕು ಬಿಡದ್ದನ್ನು ನೋಡುವುದು ಹೇಗೆ ಅನ್ನುವ ಪ್ರಶ್ನೆ. ಕಪ್ಪುಕುಳಿಯ ಒಳಗಿನಿಂದ ಬೆಳಕು ಬರುವುದಿಲ್ಲ ಅಂತ ನೀವು ಓದಿದ್ದು ಸರಿ. ನಾವು ನೋಡುವುದು ಒಳಗೆ ಬೀಳುವ ಮುಂಚಿನ ಅನಿಲವನ್ನು. ಅನಿಲ ನೇರವಾಗಿ ಬೀಳುವುದಿಲ್ಲ. ಸುತ್ತುತ್ತಾ ಸುತ್ತುತ್ತಾ ತಟ್ಟೆಯ ಆಕಾರಕ್ಕೆ ಬರುತ್ತದೆ. ಪದರಕ್ಕೆ ಪದರ ಉಜ್ಜಿ ಕಾಯುತ್ತದೆ, ಹೊಳೆಯುತ್ತದೆ. ಆ ತಟ್ಟೆಯ ಒಳ ಅಂಚಿನ ಹತ್ತಿರ ಇನ್ನೂ ಬಿಸಿಯಾದ, ನೂರು ಕೋಟಿ ಡಿಗ್ರಿ ಆಸುಪಾಸಿನ ತೆಳು ಅನಿಲ ಇರುತ್ತದೆ. ಅದಕ್ಕೆ ಕರೋನಾ ಅನ್ನುತ್ತಾರೆ. ತಟ್ಟೆಯಿಂದ ಹೊರಟ ಬೆಳಕು ಇದರ ಎಲೆಕ್ಟ್ರಾನ್‌ಗಳಿಗೆ ಬಡಿದು ಎಕ್ಸ್-ರೇ ಆಗಿ ಚಿಮ್ಮುತ್ತದೆ. ಸರ್ವೆಗಳು ಹಿಡಿಯುವುದು ಮುಖ್ಯವಾಗಿ ಇದನ್ನೇ.

ಇದರಿಂದ ಬರುವ ಶಕ್ತಿ ಸಣ್ಣದಲ್ಲ. ಸೂರ್ಯನೊಳಗೆ ಹೈಡ್ರೋಜನ್ ಹೀಲಿಯಂ ಆಗುವಾಗ ಅದರ ದ್ರವ್ಯದಲ್ಲಿ 0.7% ಮಾತ್ರ ಶಕ್ತಿಯಾಗುತ್ತದೆ. ಕಪ್ಪುಕುಳಿಗೆ ಬೀಳುವ ಅನಿಲದಲ್ಲಿ ಸುಮಾರು 10% ಶಕ್ತಿಯಾಗಿ ಹೊರಗೆ ಬರುತ್ತದೆ. ಅದಕ್ಕೇ ಗ್ಯಾಲಕ್ಸಿಯ ನಡುವಿನ ಒಂದು ಚುಕ್ಕೆ ಜಾಗ ಇಡೀ ಗ್ಯಾಲಕ್ಸಿಯ ನಕ್ಷತ್ರಗಳನ್ನೆಲ್ಲ ಮೀರಿಸಿ ಬೆಳಗುವುದುಂಟು. 1963ರಲ್ಲಿ ಮಾರ್ಟನ್ ಶ್ಮಿಟ್ 3ಸಿ 273 ಅನ್ನುವ ಚುಕ್ಕೆ ನಕ್ಷತ್ರ ಅಲ್ಲ, ಬಹು ದೂರದ್ದು ಅಂತ ತೋರಿಸಿದರು. ಅಂಥವನ್ನು ಕ್ವೇಸಾರ್ ಅಂತ ಕರೆದರು. ಅವುಗಳ ಶಕ್ತಿಗೆ ಕಾರಣ ಹುಡುಕುತ್ತಾ ಹೋದಾಗಲೇ ವಿಜ್ಞಾನಿಗಳು ಈ ದೈತ್ಯ ಕಪ್ಪುಕುಳಿಗಳ ಹತ್ತಿರ ಬಂದದ್ದು.

ಕಪ್ಪುಕುಳಿ ಸುತ್ತ ಇರುವುದನ್ನೆಲ್ಲ ಎಳೆದು ನುಂಗುತ್ತದೆ ಅನ್ನುವುದು ಮಾತ್ರ ಸುಳ್ಳು. ಸೂರ್ಯನ ಜಾಗದಲ್ಲಿ ಅಷ್ಟೇ ತೂಕದ ಕಪ್ಪುಕುಳಿ ಇಟ್ಟರೂ ಭೂಮಿ ಈಗಿನ ದಾರಿಯಲ್ಲೇ ಸುತ್ತುತ್ತದೆ. ನಮ್ಮ ಆಕಾಶಗಂಗೆಯ ನಡುವೆ, 26,000 ಜ್ಯೋತಿರ್ವರ್ಷಕ್ಕಿಂತ ಸ್ವಲ್ಪ ಹೆಚ್ಚು ದೂರದಲ್ಲಿ, ಸೂರ್ಯನ 40 ಲಕ್ಷ ಪಟ್ಟು ತೂಕದ ಕಪ್ಪುಕುಳಿ ಇದೆ. ಅದು ಈಗ ಹೆಚ್ಚುಕಡಿಮೆ ಏನನ್ನೂ ತಿನ್ನುತ್ತಿಲ್ಲ. ಅದನ್ನೇ ದೂರದ ಗ್ಯಾಲಕ್ಸಿಯಲ್ಲಿ ಇಟ್ಟಿದ್ದರೆ ಯಾವ ಎಕ್ಸ್-ರೇ ಸರ್ವೆಗೂ ಸಿಗುತ್ತಿರಲಿಲ್ಲ. ಮಗಳ ಪ್ರಾಜೆಕ್ಟಿನ ಹೆಸರಿನಲ್ಲಿ 'ಬೆಳೆಯುತ್ತಿರುವ' ಅಂತ ಇರುವುದು ಇದಕ್ಕೇ. ಸರ್ವೆ ಎಣಿಸುವುದು ಈ ಹೊತ್ತು ತಿನ್ನುತ್ತಿರುವ ಕಪ್ಪುಕುಳಿಗಳನ್ನು ಮಾತ್ರ.

ಹಾಗಾದರೆ ಎಕ್ಸ್-ರೇಯೇ ಯಾಕೆ ಬೇಕು? ಮಾಮೂಲಿ ಬೆಳಕಿನಲ್ಲಿ ನೋಡಿದರೆ ಗ್ಯಾಲಕ್ಸಿಯ ನಕ್ಷತ್ರಗಳೇ ಕಣ್ಣು ತುಂಬುತ್ತವೆ. ಸಾಧಾರಣವಾಗಿ ತಿನ್ನುತ್ತಿರುವ ಕಪ್ಪುಕುಳಿ ಆ ಬೆಳಕಿನಲ್ಲಿ ಕಳೆದುಹೋಗುತ್ತದೆ. ಜೊತೆಗೆ ಗ್ಯಾಲಕ್ಸಿಯ ನಡುವೆ ಧೂಳು, ಅನಿಲ ದಟ್ಟವಾಗಿದ್ದರೆ ನೋಟವೇ ಮುಚ್ಚಿಹೋಗುತ್ತದೆ. ಎಕ್ಸ್-ರೇ ಆ ಧೂಳನ್ನು ಬಹುಮಟ್ಟಿಗೆ ದಾಟಿ ಬರುತ್ತದೆ. ನಕ್ಷತ್ರಗಳಿಂದ ಎಕ್ಸ್-ರೇ ಬರುವುದೂ ಕಡಿಮೆ. ನಮ್ಮ ಕ್ಷೇತ್ರದಲ್ಲಿ ಒಂದು ಗಡಿ ಇಟ್ಟುಕೊಂಡಿದ್ದೇವೆ. ಒಂದು ಗ್ಯಾಲಕ್ಸಿ ಎಕ್ಸ್-ರೇ ಒಂದರಲ್ಲೇ ಸೂರ್ಯನ ಒಟ್ಟು ಬೆಳಕಿನ ಸುಮಾರು 25 ಕೋಟಿ ಪಟ್ಟು ಶಕ್ತಿ ಬಿಟ್ಟರೆ, ಅಲ್ಲಿ ತಿನ್ನುತ್ತಿರುವ ಕಪ್ಪುಕುಳಿ ಇದೆ ಅಂತ ಹೆಚ್ಚುಕಡಿಮೆ ಖಾತ್ರಿ. ಸಾಮಾನ್ಯ ಗ್ಯಾಲಕ್ಸಿಯ ನಕ್ಷತ್ರಗಳಿಂದ ಅಷ್ಟು ಎಕ್ಸ್-ರೇ ಹುಟ್ಟುವುದಿಲ್ಲ. ಗಡಿಯ ಕೆಳಗೂ ಕಪ್ಪುಕುಳಿಗಳಿವೆ. ಅಲ್ಲಿ ಬೇರೆ ಸಾಕ್ಷಿ ಬೇಕಾಗುತ್ತದೆ.

ಈಗ ನಿಮ್ಮ ಗಟ್ಟಿ ಪ್ರಶ್ನೆಗೆ ಬರುತ್ತೇನೆ. ಇದೆಲ್ಲ ಊಹೆ ಅಲ್ವಾ ಅಂತ ಕೇಳಿದ್ದೀರಿ. ಊಹೆ ಎಲ್ಲಿ ನಿಲ್ಲುತ್ತದೆ, ಲೆಕ್ಕ ಎಲ್ಲಿ ಶುರುವಾಗುತ್ತದೆ ಅಂತ ತೋರಿಸುವುದಕ್ಕೆ 1962ಕ್ಕೆ ಹೋಗಬೇಕು. ಆ ವರ್ಷ ರಿಕಾರ್ಡೊ ಜಿಯಕೋನಿ ಮತ್ತು ಜೊತೆಗಾರರು ರಾಕೆಟ್ಟಿನಲ್ಲಿ ಎಕ್ಸ್-ರೇ ಅಳೆಯುವ ಸಾಧನ ಕಳಿಸಿದರು. ಕೆಲವೇ ನಿಮಿಷದ ಹಾರಾಟ. ಒಂದು ಪ್ರಖರ ಮೂಲ ಸಿಕ್ಕಿತು. ಅದರ ಜೊತೆಗೆ ಆಕಾಶದ ಎಲ್ಲ ದಿಕ್ಕಿನಿಂದಲೂ ಮಂದವಾದ ಎಕ್ಸ್-ರೇ ಬರುತ್ತಿರುವುದೂ ಕಂಡಿತು. ಜಿಯಕೋನಿಯವರಿಗೆ 2002ರಲ್ಲಿ ನೊಬೆಲ್ ಬಂತು. ಎಲ್ಲ ಕಡೆ ಹರಡಿದ್ದ ಆ ಮಂದ ಬೆಳಕು ಎಲ್ಲಿಂದ ಅನ್ನುವುದು ಮುಂದೆ ದಶಕಗಟ್ಟಲೆ ಕಾಡಿತು.

ಉತ್ತರ ಬಂದದ್ದು ಚಂದ್ರ ಅನ್ನುವ ಎಕ್ಸ್-ರೇ ಉಪಗ್ರಹದಿಂದ. ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರಿಟ್ಟ ಈ ಟೆಲಿಸ್ಕೋಪ್ ಮೇಲೆ ಹೋದದ್ದು ಜುಲೈ 1999ರಲ್ಲಿ. ಆಕಾಶದ ದಕ್ಷಿಣದಲ್ಲಿ ನಮ್ಮದೇ ಗ್ಯಾಲಕ್ಸಿಯ ಅನಿಲ ಕಡಿಮೆ ಅಡ್ಡ ಬರುವ ಒಂದು ಚೂರು ಜಾಗ ಆರಿಸಿದರು. ಹುಣ್ಣಿಮೆ ಚಂದ್ರನಿಗಿಂತ ಚಿಕ್ಕ ಜಾಗ. ಹಲವು ವರ್ಷಗಳಲ್ಲಿ ಮತ್ತೆ ಮತ್ತೆ ಅಲ್ಲಿಗೇ ತಿರುಗಿಸಿ ಒಟ್ಟು 70 ಲಕ್ಷ ಸೆಕೆಂಡು, ಅಂದರೆ ಸುಮಾರು 81 ದಿನ ನೋಡಿದರು. 2017ರಲ್ಲಿ ಬಂದ ಮುಖ್ಯ ಪಟ್ಟಿಯಲ್ಲಿ 1,008 ಎಕ್ಸ್-ರೇ ಚುಕ್ಕೆಗಳಿವೆ. ಸುಮಾರು 70% ಬೆಳೆಯುತ್ತಿರುವ ಕಪ್ಪುಕುಳಿಗಳು. ತೀರಾ ಮಸುಕಾದವುಗಳಿಂದ ಅಷ್ಟು ದಿನಕ್ಕೂ ಸಿಕ್ಕಿದ್ದು ಬೆರಳೆಣಿಕೆಯ ಫೋಟಾನ್‌ಗಳು, ಅಂದರೆ ಬೆಳಕಿನ ಕಣಗಳು. ಇಂಥ ಚುಕ್ಕೆಗಳ ಬೆಳಕನ್ನೆಲ್ಲ ಕೂಡಿಸಿದಾಗ, ಚಂದ್ರ ನೋಡಬಲ್ಲ ಎಕ್ಸ್-ರೇ ಶಕ್ತಿಗಳಲ್ಲಿ 1962ರ ಆ ಮಂದ ಬೆಳಕಿನ 80%ಕ್ಕಿಂತ ಹೆಚ್ಚು ಪಾಲಿಗೆ ಲೆಕ್ಕ ಸಿಕ್ಕಿತು.

ಇಲ್ಲಿ ಸ್ವಲ್ಪ ನಿಲ್ಲಿ. ಆ ಮಂದ ಬೆಳಕಿನ ಒಟ್ಟು ಮೊತ್ತ ಬೇರೆ ದಾರಿಯಿಂದ ಗೊತ್ತಿದೆ. ಒಂದೊಂದಾಗಿ ಎಣಿಸಿದ್ದನ್ನು ಅದಕ್ಕೆ ಹೋಲಿಸಿ ನೋಡಬಹುದು. ಎಷ್ಟು ತಪ್ಪಿಸಿಕೊಂಡಿವೆ ಅಂತಲೂ ಅದರಿಂದಲೇ ತಿಳಿಯುತ್ತದೆ. ಇಂಥ ತಾಳೆ ಇರುವುದಕ್ಕೇ ನಾನಿದನ್ನು ಊಹೆ ಅನ್ನುವುದಿಲ್ಲ.

ಇನ್ನೂ ಒಂದು ತಾಳೆ ಇದೆ. ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದದ್ದು ಇದೇ. ಬೀಳುವ ಅನಿಲದಲ್ಲಿ 10% ಬೆಳಕಾದರೆ ಉಳಿದ 90% ಕಪ್ಪುಕುಳಿಯ ತೂಕಕ್ಕೆ ಸೇರುತ್ತದೆ. ಅಂದರೆ ಬೆಳಕು ಅಳೆದರೆ ಬೆಳವಣಿಗೆ ಅಳೆದ ಹಾಗೆ. ಒಂದು ಪ್ರಖರ ಕ್ವೇಸಾರ್ ವರ್ಷಕ್ಕೆ ಒಂದೆರಡು ಸೂರ್ಯನಷ್ಟು ತೂಕ ತಿನ್ನುತ್ತದೆ. 1982ರಲ್ಲಿ ಪೋಲೆಂಡಿನ ಆಂಡ್ಜೇ ಸೋಲ್ಟನ್ ಒಂದು ದಾರಿ ತೋರಿಸಿದರು. ಹಿಂದಿನ ಕಾಲದ ಕ್ವೇಸಾರ್‌ಗಳ ಬೆಳಕನ್ನೆಲ್ಲ ಕೂಡಿಸಿದರೆ, ಇವತ್ತು ನಮ್ಮ ಸುತ್ತಲಿನ ಗ್ಯಾಲಕ್ಸಿಗಳಲ್ಲಿ ಎಷ್ಟು ತೂಕದ ಕಪ್ಪುಕುಳಿಗಳು ಸುಮ್ಮನೆ ಕೂತಿರಬೇಕು ಅಂತ ಹೇಳಬಹುದು. ಆಮೇಲಿನ ವರ್ಷಗಳಲ್ಲಿ ಹತ್ತಿರದ ಗ್ಯಾಲಕ್ಸಿಗಳಲ್ಲಿ ನಕ್ಷತ್ರಗಳ ಓಟ ಅಳೆದು ಆ ತೂಕಗಳನ್ನು ನೇರವಾಗಿ ಕಂಡುಹಿಡಿದರು. ಎಕ್ಸ್-ರೇ ಸರ್ವೆಗಳು ಮುಚ್ಚಿಕೊಂಡವನ್ನೂ ಸೇರಿಸಿ ಕೊಟ್ಟ ಮೊತ್ತ ಇದಕ್ಕೆ ಚೆನ್ನಾಗಿಯೇ ಹೊಂದುತ್ತದೆ. ದೈತ್ಯ ಕಪ್ಪುಕುಳಿಗಳು ಬೆಳೆದದ್ದು ಬಹುಪಾಲು ಅನಿಲ ತಿಂದೇ ಅಂತ ನಾವು ಧೈರ್ಯವಾಗಿ ಹೇಳುವುದು ಇದರಿಂದ. ವಿಶ್ವಕ್ಕೆ 1,380 ಕೋಟಿ ವರ್ಷ. ಈ ತಿನ್ನಾಟ ಅತಿ ಜೋರಾಗಿದ್ದದ್ದು ಸುಮಾರು 1,000 ಕೋಟಿ ವರ್ಷದ ಹಿಂದೆ. ಗ್ಯಾಲಕ್ಸಿಗಳಲ್ಲಿ ನಕ್ಷತ್ರ ಹುಟ್ಟುವುದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ ಜೋರಾಗಿತ್ತು. ಒಂದಕ್ಕೂ ಇನ್ನೊಂದಕ್ಕೂ ಏನು ನಂಟು ಅನ್ನುವುದೇ ಈ ಕ್ಷೇತ್ರದ ದೊಡ್ಡ ಪ್ರಶ್ನೆ.

ಸರ್ವೆಗಳಲ್ಲಿ ಬಗೆಗಳಿವೆ. ಕಾರವಾರದಲ್ಲಿರುವ ಮಗಳಿಗೆ ರಂಪಣಿ ಬಲೆ ಗೊತ್ತಿರುತ್ತದೆ. ದಡಕ್ಕೆ ಹತ್ತಿರ, ತುಂಬಾ ಅಗಲಕ್ಕೆ ಬಿಟ್ಟು ಎಳೆಯುವ ಬಲೆ. ಬಂಗಡೆ ರಾಶಿ ರಾಶಿ ಬರುತ್ತದೆ, ಆಳದ ಮೀನು ಬರುವುದಿಲ್ಲ. ಅದಕ್ಕೆ ಬೋಟು ಕಟ್ಟಿಕೊಂಡು ದೂರ ಹೋಗಬೇಕು. ಬಲೆಯ ಕಣ್ಣು ದೊಡ್ಡದಿದ್ದರೆ ಸಣ್ಣ ಮೀನೂ ಜಾರಿಹೋಗುತ್ತದೆ. ಬಲೆಗೆ ಬಿದ್ದದ್ದನ್ನು ಮಾತ್ರ ನೋಡಿ ಸಮುದ್ರದಲ್ಲಿರುವುದು ಇಷ್ಟೇ ಅಂತ ಯಾವ ಮೀನುಗಾರನೂ ಹೇಳುವುದಿಲ್ಲ. ಚಂದ್ರ ನೋಡಿದ್ದು ಆಳದ ಚೂರು ಜಾಗ. 2019ರಲ್ಲಿ ಮೇಲೆ ಹೋದ ಇರೋಸಿಟಾ ಅನ್ನುವ ಜರ್ಮನ್ ಟೆಲಿಸ್ಕೋಪ್ ಆಕಾಶವನ್ನೆಲ್ಲ ಬಾಚಿತು. ಅದರ ಮೊದಲ ಆರು ತಿಂಗಳ ನೋಟದಿಂದ ಅರ್ಧ ಆಕಾಶದ ಪಟ್ಟಿ ಜನವರಿ 2024ರಲ್ಲಿ ಹೊರಬಂತು. ಸುಮಾರು 9 ಲಕ್ಷ ಮೂಲಗಳು, ಅವುಗಳಲ್ಲಿ 7 ಲಕ್ಷದಷ್ಟು ದೂರದ ಗ್ಯಾಲಕ್ಸಿಗಳ ಕಪ್ಪುಕುಳಿಗಳು. ಅಪರೂಪದ ದೈತ್ಯರು ಇಂಥ ಅಗಲದ ಸರ್ವೆಗೇ ಸಿಗುತ್ತಾರೆ. ಮಸುಕಾದ, ಸಾಮಾನ್ಯ ಕಪ್ಪುಕುಳಿಗಳು ಆಳದ್ದಕ್ಕೆ. ಎರಡನ್ನೂ ಸೇರಿಸದೆ ಪೂರ್ತಿ ಕತೆ ಬರುವುದಿಲ್ಲ.

ಎಕ್ಸ್-ರೇಗೂ ಸಿಗದವು ಇವೆ. ಸುತ್ತಲಿನ ಅನಿಲ ತೀರಾ ದಪ್ಪವಾಗಿದ್ದರೆ ಕಡಿಮೆ ಶಕ್ತಿಯ ಎಕ್ಸ್-ರೇ ಅಲ್ಲೇ ಇಂಗಿಹೋಗುತ್ತದೆ. ಹೆಚ್ಚು ಶಕ್ತಿಯದು ಸ್ವಲ್ಪ ತೂರಿ ಬರುತ್ತದೆ. ಅದನ್ನು ಹಿಡಿಯಲು 2012ರಲ್ಲಿ ನುಸ್ಟಾರ್ ಅನ್ನುವ ಟೆಲಿಸ್ಕೋಪ್ ಮೇಲೆ ಹೋಯಿತು. 8ರಿಂದ 24 ಕಿಲೋ ಎಲೆಕ್ಟ್ರಾನ್ ವೋಲ್ಟ್ (ಎಕ್ಸ್-ರೇ ಶಕ್ತಿ ಅಳೆಯುವ ಮಾನ) ಶಕ್ತಿಯಲ್ಲಿ ಅದು ಬಿಡಿಸಿ ತೋರಿಸಿದ್ದು ಎಲ್ಲ ದಿಕ್ಕಿನಿಂದ ಬರುವ ಆ ಹಿನ್ನೆಲೆ ಬೆಳಕಿನ ಮೂರನೇ ಒಂದು ಭಾಗವನ್ನು ಮಾತ್ರ. ಆ ಹಿನ್ನೆಲೆ ಅತಿ ಜೋರಾಗಿರುವುದು ಸುಮಾರು 30 ಕಿಲೋ ಎಲೆಕ್ಟ್ರಾನ್ ವೋಲ್ಟ್ ಹತ್ತಿರ. ಅಲ್ಲಿ ನಮ್ಮ ಎಣಿಕೆ ಇನ್ನೂ ತೆಳು. ದಟ್ಟವಾಗಿ ಮುಚ್ಚಿಕೊಂಡ ಕಪ್ಪುಕುಳಿಗಳು ಎಷ್ಟು ಅನ್ನುವುದರಲ್ಲಿ ಒಬ್ಬರ ಅಂದಾಜು ಇನ್ನೊಬ್ಬರಿಗೆ ಹೊಂದುವುದಿಲ್ಲ. ಇದರ ಮೇಲೆ ಜೇಮ್ಸ್ ವೆಬ್ ಟೆಲಿಸ್ಕೋಪ್ ವಿಶ್ವದ ಎಳೆಯ ಕಾಲದಲ್ಲಿ ಪುಟ್ಟ ಕೆಂಪು ಚುಕ್ಕೆಗಳನ್ನು ಕಂಡಿದೆ. ಹಲವು ಲಕ್ಷಣ ನೋಡಿದರೆ ಬೆಳೆಯುತ್ತಿರುವ ಕಪ್ಪುಕುಳಿಗಳೇ ಅನ್ನಿಸುತ್ತವೆ. ಆದರೆ ಬಹುಪಾಲು ಚುಕ್ಕೆಗಳು ಎಕ್ಸ್-ರೇಯಲ್ಲಿ ಕಾಣುತ್ತಿಲ್ಲ. ದಪ್ಪ ಅನಿಲದಲ್ಲಿ ಹುದುಗಿವೆಯಾ, ಅವುಗಳ ಕರೋನಾವೇ ದುರ್ಬಲವಾ ಅಂತ ಈಗ ದೊಡ್ಡ ಚರ್ಚೆ ನಡೆದಿದೆ. ಇದಕ್ಕೆ ತದ್ವಿರುದ್ಧವಾಗಿ, ಬಿಗ್ ಬ್ಯಾಂಗ್ ಆಗಿ 47 ಕೋಟಿ ವರ್ಷಕ್ಕೇ ಇದ್ದ ಯುಎಚ್‌ಝಡ್1 ಅನ್ನುವ ಗ್ಯಾಲಕ್ಸಿಯಿಂದ ಚಂದ್ರ ಎಕ್ಸ್-ರೇ ಹಿಡಿದ ಸುದ್ದಿ 2023ರಲ್ಲಿ ಬಂತು. ಮಗಳು ಕಾಲಿಡಲು ಹೊರಟಿರುವುದು ಇಂಥ ಬಿಸಿಬಿಸಿ ಜಾಗಕ್ಕೆ. ಅವಳ ಉತ್ಸಾಹ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಈಗ ಬದುಕಿನ ಮಾತು.

ಸರ್ಟಿಫಿಕೇಟಿಗೆ ಹಣ ಕಟ್ಟಬೇಡಿ. ಈ ಕ್ಷೇತ್ರದಲ್ಲಿ ನಿಜವಾದ ತರಬೇತಿ ಕೊಡುವವರು ವಿದ್ಯಾರ್ಥಿಗೇ ಹಣ ಕೊಡುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳ ಜೊತೆ ನಡೆಸುವ ಬೇಸಿಗೆ ಫೆಲೋಶಿಪ್ ಇದೆ. ಪುಣೆಯ ಐಯುಕಾ, ಮುಂಬೈನ ಟಿಐಎಫ್ಆರ್ ಅನ್ನುವ ಸಂಶೋಧನಾ ಸಂಸ್ಥೆಗಳಲ್ಲೂ ರಜೆಯ ಕಾಲದ ಕಾರ್ಯಕ್ರಮಗಳಿವೆ. ಆಯ್ಕೆ ಕಷ್ಟ, ಸ್ಪರ್ಧೆ ಜಾಸ್ತಿ. ಸಿಗದಿದ್ದರೂ ನಷ್ಟವಿಲ್ಲ. ಡೇಟಾ ಎಲ್ಲರಿಗೂ ಪುಕ್ಕಟೆ ತೆರೆದಿದೆ.

ಪ್ರಾಜೆಕ್ಟನ್ನು ಅವಳು ಮಾಡಲಿ. ಆದರೆ ಚಿಕ್ಕದಾಗಿ. ನನ್ನ ಬಳಿ ಬರುವ ಹೊಸ ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಒಂದೇ ಕಡೆ. ಹೊಸ ಕಪ್ಪುಕುಳಿ ಕಂಡುಹಿಡಿಯುತ್ತೇವೆ ಅಂತ ಹೊರಡುತ್ತಾರೆ. ಎಕ್ಸ್-ರೇ ಚುಕ್ಕೆ ಸಿಗುವುದು ಸುಲಭ. ಅದು ಯಾವ ಗ್ಯಾಲಕ್ಸಿಯದು, ಎಷ್ಟು ದೂರದ್ದು ಅಂತ ಗೊತ್ತುಮಾಡುವುದರಲ್ಲಿ ವರ್ಷಗಳು ಹೋಗುತ್ತವೆ. ಚುಕ್ಕೆಯ ಪಕ್ಕದಲ್ಲೇ ನಾಲ್ಕು ಗ್ಯಾಲಕ್ಸಿ ಇರಬಹುದು. ನಮ್ಮದೇ ಆಕಾಶಗಂಗೆಯ ನಕ್ಷತ್ರವೂ ಎಕ್ಸ್-ರೇ ಬಿಟ್ಟು ಮೋಸ ಮಾಡಬಹುದು. ಅದಕ್ಕೆ ಕಾಸ್ಮೋಸ್ ಅನ್ನುವ ಜಾಗದ ಪಟ್ಟಿ ತೆಗೆದುಕೊಳ್ಳಲಿ. ಸುಮಾರು 2 ಚದರ ಡಿಗ್ರಿ ಆಕಾಶ. ಚಂದ್ರ ಅದನ್ನು 46 ಲಕ್ಷ ಸೆಕೆಂಡು ನೋಡಿ 4,016 ಮೂಲ ಪಟ್ಟಿ ಮಾಡಿದೆ. ಹಬಲ್ ಸೇರಿದಂತೆ ಬೇರೆ ದೊಡ್ಡ ಟೆಲಿಸ್ಕೋಪುಗಳೂ ಅದೇ ಜಾಗ ನೋಡಿವೆ, ಗುರುತಿಸುವ ಕೆಲಸವನ್ನು ಹಿರಿಯರು ಮಾಡಿಟ್ಟಿದ್ದಾರೆ. ನಮ್ಮ ಆಸ್ಟ್ರೋಸ್ಯಾಟ್ ಡೇಟಾ ಬೇಕು ಅಂತ ಅವಳಿಗೆ ಆಸೆ ಇರಬಹುದು. 2015ರಲ್ಲಿ ಹೋದ ಒಳ್ಳೆಯ ಉಪಗ್ರಹ ಅದು. ಆದರೆ ಒಂದೊಂದೇ ಮೂಲವನ್ನು ಆರಿಸಿ ನೋಡುವುದಕ್ಕೆ ಮಾಡಿದ್ದು, ಇಂಥ ಆಳದ ಸರ್ವೆಗೆ ಅಲ್ಲ.

ಪಟ್ಟಿಯ ಫೈಲು ಸಾಧಾರಣ ಲ್ಯಾಪ್‌ಟಾಪಿನಲ್ಲಿ ತೆರೆಯುತ್ತದೆ. ಟಾಪ್‌ಕ್ಯಾಟ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್, ಸ್ವಲ್ಪ ಪೈಥಾನ್ ಸಾಕು. ಊರಿಗೆ ಬರುವ ಮುಂಚೆ ಬೇಕಾದ್ದನ್ನೆಲ್ಲ ಕಾರವಾರದಲ್ಲೇ ಇಳಿಸಿಕೊಳ್ಳಲಿ. ಮಳೆಗಾಲದಲ್ಲಿ ಹಳ್ಳಿಯ ನೆಟ್‌ವರ್ಕ್ ನಂಬಿ ಕೂರಬಾರದು.

ಮುಂದಿನ ಓದಿಗೆ ನೇರ ದಾರಿ ಎಂ.ಎಸ್ಸಿ, ಆಮೇಲೆ ಪಿಎಚ್.ಡಿ. ಎಂ.ಎಸ್ಸಿ ಪ್ರವೇಶದ ಜಾಮ್ ಪರೀಕ್ಷೆ ಬರೆದರೆ ಐಐಟಿಗಳು ಸಿಗಬಹುದು, ಬೆಂಗಳೂರಿನ ಐಐಎಸ್‌ಸಿಯ ಇಂಟಿಗ್ರೇಟೆಡ್ ಪಿಎಚ್.ಡಿಗೂ ಅದೇ ದಾರಿ. ಹತ್ತಿರ ಬೇಕು ಅಂದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಇದೆ. ಪಿಎಚ್.ಡಿ ಹೊತ್ತಿಗೆ ನೆಟ್, ಜೆಸ್ಟ್ ಪರೀಕ್ಷೆಗಳು. ಜೆಆರ್‌ಎಫ್ ಅನ್ನುವ ಸಂಶೋಧನಾ ಫೆಲೋಶಿಪ್ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ ಬರುತ್ತದೆ, 2023ರ ಜನವರಿಯಿಂದ ಇದೇ ದರ. ಅಪ್ಪನ ಕೈ ನೋಡಬೇಕಾಗಿಲ್ಲ. ಅಪಾಯ ಇರುವುದು ಅದರ ನಂತರ. ಪಿಎಚ್.ಡಿಗೆ ಐದಾರು ವರ್ಷ ಬೇಕು. ಆಮೇಲೆ ಎರಡು ಮೂರು ವರ್ಷದ ತಾತ್ಕಾಲಿಕ ಹುದ್ದೆಗಳು, ಹೆಚ್ಚಾಗಿ ಪರದೇಶದಲ್ಲಿ. ಖಾಯಂ ಹುದ್ದೆ ಕೆಲವರಿಗೇ. ನನ್ನ ಜೊತೆ ಓದಿದವರಲ್ಲಿ ಹಲವರು ಮಧ್ಯದಲ್ಲೇ ಡೇಟಾ ವಿಶ್ಲೇಷಣೆಯ ಕಂಪನಿಗಳಿಗೆ ಹೋದರು, ಚೆನ್ನಾಗಿಯೇ ಇದ್ದಾರೆ. ಆದರೆ ಹೋಗುವಾಗ ಅವರಿಗೆ ನೋವಾದದ್ದನ್ನೂ ನೋಡಿದ್ದೇನೆ. ಮಗಳಿಗೆ ಇದು ಈಗಲೇ ಗೊತ್ತಿರುವುದು ಒಳ್ಳೆಯದು.

ಬಿ.ಎಡ್ ಬಗ್ಗೆ ನಿಮ್ಮ ಲೆಕ್ಕ ತಪ್ಪಲ್ಲ. ಅವಸರ ಮಾತ್ರ ಬೇಡ. ಪಿಯು ಕಾಲೇಜಿನಲ್ಲಿ ಪಾಠ ಮಾಡಲು ಹೇಗೂ ಎಂ.ಎಸ್ಸಿ ಬೇಕು. ಎಂ.ಎಸ್ಸಿ ಮುಗಿಸಿ ಬಿ.ಎಡ್ ಮಾಡಬಹುದು, ಆ ಬಾಗಿಲು ಮುಚ್ಚುವುದಿಲ್ಲ. ಈಗಲೇ ಬಿ.ಎಡ್‌ಗೆ ಸೇರಿಸಿದರೆ ಎರಡು ವರ್ಷ ಫಿಸಿಕ್ಸ್, ಗಣಿತದ ಅಭ್ಯಾಸ ತಪ್ಪುತ್ತದೆ. ಆಮೇಲೆ ಜಾಮ್ ಬರೆಯುವುದು ಕಷ್ಟವಾಗುತ್ತದೆ. ಎಂ.ಎಸ್ಸಿಯ ಎರಡು ವರ್ಷದಲ್ಲಿ ಅವಳಿಗೇ ತನ್ನ ಮನಸ್ಸು ಗೊತ್ತಾಗುತ್ತದೆ. ನನ್ನನ್ನು ಕೇಳಿದರೆ ಈ ದಾರಿಯೇ ಸರಿ ಅನ್ನುತ್ತೇನೆ.

ಮೊದಲ ವಾರಕ್ಕೆ ಒಂದು ಕೆಲಸ ಹೇಳುತ್ತೇನೆ, ಮಗಳಿಗೆ ಓದಿ ತಿಳಿಸಿ. ಕಾಸ್ಮೋಸ್ ಪಟ್ಟಿಯ ಪ್ರತಿ ಮೂಲದ ರೆಡ್‌ಶಿಫ್ಟ್ (ದೂರ ತಿಳಿಸುವ ಅಳತೆ) ಅಡ್ಡಕ್ಕೆ, ಎಕ್ಸ್-ರೇ ಶಕ್ತಿ ಉದ್ದಕ್ಕೆ ಇಟ್ಟು ಗ್ರಾಫ್ ಹಾಕಲಿ. ಬಲಗಡೆ ಕೆಳಗಿನ ಮೂಲೆ ಖಾಲಿ ಬರುತ್ತದೆ. ದೂರದಲ್ಲಿ ಮಸುಕಾದ ಕಪ್ಪುಕುಳಿಗಳೇ ಇಲ್ಲ ಅನ್ನುವ ಹಾಗೆ ಕಾಣುತ್ತದೆ. ಎಡಗಡೆ ಮೇಲೆಯೂ ಜಾಗ ಖಾಲಿ ಇರುತ್ತದೆ. ಈ ಎರಡು ಖಾಲಿ ಜಾಗಗಳಿಗೆ ಕಾರಣ ಬೇರೆ ಬೇರೆ. ಯಾವುದು ಟೆಲಿಸ್ಕೋಪಿನ ಮಿತಿಯಿಂದ, ಯಾವುದು ನೋಡಿದ ಜಾಗ ಚಿಕ್ಕದಾದ್ದರಿಂದ ಅಂತ ಅವಳೇ ಯೋಚಿಸಿ ಬರೆದು ಗೈಡ್‌ಗೆ ತೋರಿಸಲಿ. ಇದು ಆದ ಮೇಲೆಯೇ ಮುಂದಿನ ಲೆಕ್ಕ. ಜಾಮ್ ಅರ್ಜಿ ಸಾಮಾನ್ಯವಾಗಿ ಸೆಪ್ಟೆಂಬರ್ ಹೊತ್ತಿಗೆ ಶುರುವಾಗುತ್ತದೆ, ಪರೀಕ್ಷೆ ಫೆಬ್ರವರಿಯಲ್ಲಿ. ಪ್ರಾಜೆಕ್ಟಿನ ಗಡಿಬಿಡಿಯಲ್ಲಿ ಅರ್ಜಿಯ ಕೊನೇ ದಿನ ತಪ್ಪಿಹೋಗದಂತೆ ನೋಡಿಕೊಳ್ಳಿ.